ಶಮ್ಶು ಹಾಕಿದ ಗಂಟು

ಸಿಂದಗಿಯ ಸಂತೆಯಲ್ಲಿ ಎತ್ತುಗಳಿಗೆ ನಾಲ ಬಡಿಯುವ ಗೈಬುಸಾಬನಿಗೆ ತನ್ನ ಕೈಗಳ ಬಗ್ಗೆ ಜಂಬವಿತ್ತು, ಇರಬೇಕಾದ್ದೇ. ಹಾಯುವ ಹೋರಿಯನ್ನೂ ಹಗ್ಗ ಸುತ್ತಿ ನೆಲಕ್ಕೆ ಕೆಡವಿ, ಕಾಲು ಕೂಡಿಸಿ ಗಂಟು ಹಾಕಿದನೆಂದರೆ ಅದು ಒದ್ದಾಡಿದಷ್ಟೂ ಬಿಗಿ. ಅವನು ತುದಿ ಹಿಡಿದು ಎಳೆದರೆ ಮಾತ್ರ ಸರ್ರನೆ ಬಿಚ್ಚಿಕೊಳ್ಳುತ್ತಿತ್ತು.

ಅದೇ ಗಂಟನ್ನು ಅವನು ದಿನಾ ಬೆಳಿಗ್ಗೆ ಮಗಳು ಶಮ್ಶುನ್ನೀಸಾಳ ಎಡಗಾಲಿಗೂ ಹಾಕುತ್ತಿದ್ದ. ಮೂರು ವರ್ಷದವಳಿದ್ದಾಗ ಬಂದ ಜ್ವರ ಆ ಕಾಲನ್ನು ಸೊರಗಿಸಿಟ್ಟು ಹೋಗಿತ್ತು. ಮಿರಜಿನ ಡಾಕ್ಟರು ಎರಡು ಕಬ್ಬಿಣದ ಸಳಿ, ತೊಗಲಿನ ಪಟ್ಟಿ, ದಪ್ಪ ಬೂಟು ಕೂಡಿಸಿ ಕಾಲಿಗೊಂದು ಆಸರೆ ಮಾಡಿಸಿಕೊಟ್ಟಿದ್ದರು; ಮನೆಯಲ್ಲಿ ಅದಕ್ಕೆ ಸಳಿ ಎಂದೇ ಹೆಸರು. ಪಟ್ಟಿಯ ಬಕಲು ಮುರಿದ ಮೇಲೆ ಗೈಬುಸಾಬ ಅಲ್ಲಿ ತೊಗಲಿನ ಬಾರು ಪೋಣಿಸಿದ್ದ. ಮಗಳು ಗೋಡೆಗೊರಗಿ ಕಾಲು ಚಾಚುವುದು, ಅಪ್ಪ ಎದುರು ಕೂತು ಕಟ್ಟುವುದು. ದಿನದ ಎಲ್ಲ ಕೆಲಸಕ್ಕಿಂತ ಅವನಿಗೆ ಆ ಕೆಲಸವೇ ಪ್ರೀತಿ.

ಅರವತ್ಮೂರರ ಬೇಸಿಗೆ ಸೂಟಿಯಲ್ಲಿ ಬಸವನ ಬಾಗೇವಾಡಿಯಲ್ಲಿ ಶಾಲೆಯ ಹುಡುಗಿಯರಿಗೆ ನಾಲ್ಕು ದಿನದ ಶಿಬಿರ ಎಂದಾಯಿತು. ಹಾಡು, ಲೇಜಿಮು ಕುಣಿತ, ರಾತ್ರಿ ಅಲ್ಲೇ ವಸ್ತಿ. ಹತ್ತು ವರ್ಷದ ಶಮ್ಶು ಊಟ ಬಿಟ್ಟು ಹಟ ಹಿಡಿದಳು. ಅವಳಿಗೆ ಕಲಿಸುವ ಗುರವ್ವ ಅಕ್ಕೋರು ಮನೆಗೇ ಬಂದು ಕಡ್ಡಿ ಮುರಿದಂತೆ ಹೇಳಿದರು: "ಕರಕೊಂಡ ಹೋಗ್ತೇನ್ರಿ. ಆದ್ರ ತನ್ನ ಸಳಿ ತಾನ ಕಟ್ಕೋಬೇಕು. ಹುಡುಗ್ಯಾರು ನಲವತ್ತ ಮಂದಿ, ನಾ ಒಬ್ಬಾಕಿ. ಬರ್ಲಿಲ್ಲಂದ್ರ ಬ್ಯಾಡ." ಹೊರಡಲು ಎಂಟು ದಿನವಿತ್ತು.

ತಾಯಿ ಬಾನುಬಿ ಕಟಕ ರೊಟ್ಟಿ ಬಡಿದಳು, ಶೇಂಗಾ ಹಿಂಡಿ ಕುಟ್ಟಿದಳು, ಕೌದಿ ಒಗೆದು ಒಣಹಾಕಿದಳು. ಅವಳ ತಯಾರಿ ಎರಡು ದಿನದಲ್ಲಿ ಮುಗಿಯಿತು. ಅಪ್ಪ-ಮಗಳ ಗಂಟಿನ ಪಾಠ ಮುಗಿಯಲೊಲ್ಲದು.

"ಬಲಗೈ ಮ್ಯಾಲೆ ತಾ... ಆ ಕೈ ಅಲ್ಲ!"

"ಇದ ಬಲಗೈ ಐತೆಪಾ!" ಶಮ್ಶು ಅಳುವಂತಾದಳು.

ಅವಳು ಕಟ್ಟಿದ್ದು ನಾಲ್ಕು ಹೆಜ್ಜೆಗೆ ಬಿಚ್ಚುತ್ತಿತ್ತು, ಇಲ್ಲವೆ ಕಗ್ಗಂಟಾಗುತ್ತಿತ್ತು. ಹುಡುಗಿಗೆ ಕೈಗುಣವಿಲ್ಲವೆಂದು ಗೈಬುಸಾಬ ಬೈದ. ಕಲಿಯದಿದ್ದರೆ ಮನೆಯಲ್ಲೇ ಉಳಿಯುತ್ತಾಳೆ ಎಂದು ಒಳಗೊಳಗೇ ಸಮಾಧಾನವೂ ಆಯಿತು. ಅದಕ್ಕೆ ತಾನೇ ನಾಚಿದ.

ಆರನೆಯ ದಿನ ಸಂತೆಯಲ್ಲಿ ಕೂತವನು ಏನೋ ಹೊಳೆದು ಒಂದು ಬಾರನ್ನು ತನ್ನದೇ ಮೊಣಕಾಲ ಕೆಳಗೆ ಸುತ್ತಿಕೊಂಡ. ಕೈಗಳು ನಿಂತೇಬಿಟ್ಟವು. ಜನ್ಮವೆಲ್ಲ ಎದುರಿನ ಕಾಲಿಗೆ ಕಟ್ಟಿದ ಕೈಗಳಿಗೆ ಸ್ವಂತ ಕಾಲಿನ ಎಡಬಲವೇ ತಿಳಿಯದು! ನಾಲ್ಕು ಸಲ ಕಟ್ಟಿದ, ನಾಲ್ಕು ಸಲವೂ ಬಿಚ್ಚಿತು. ಎತ್ತು ಹಿಡಿದು ಕಾಯುತ್ತಿದ್ದ ರೇವಣಪ್ಪ, "ಏನ್ ಗೈಬುಸಾಬ, ನನ್ನ ಎತ್ತಿನ ಪಾಳಿ ತಪ್ಪಿಸಿ ನೀನ ನಾಲ ಬಡಿಸ್ಕೊಳ್ಳಾಕ ಕುಂತಿಯೇನು?" ಎಂದು ನಕ್ಕ. ಗೈಬುಸಾಬನಿಗೆ ನಗು ಬರಲಿಲ್ಲ. ಮಗಳನ್ನು ಬೈದದ್ದೆಲ್ಲ ನೆನಪಾಯಿತು.

ಮನೆಗೆ ಬಂದವನೇ, "ಯವ್ವಾ, ತಪ್ಪು ನಂದ ಐತಿ. ನಿನ್ನ ಕೈಗೆ ಹೆಂಗ ಬರ್ತೈತೋ ಹಂಗ ಕಟ್ಟು. ನಾ ಬಾಯಿ ಹಾಕೂದಿಲ್ಲ" ಎಂದು ಕಂಬಕ್ಕೊರಗಿ ಬೀಡಿ ಹಚ್ಚಿದ. ಶಮ್ಶು ಬಾರನ್ನು ಹಿಂದಿನಿಂದ ತಂದು, ಸಳಿಗೆ ಎರಡು ಸುತ್ತು ಹಾಕಿ, ತುದಿಯನ್ನು ಒಳಗೆ ತೂರಿಸಿ ಹೆಬ್ಬೆರಳಿನಿಂದ ಒತ್ತಿದಳು. ಅಂಗಳದಲ್ಲಿ ಹತ್ತು ಸುತ್ತು ಬಂದರೂ ಅದು ಜಗ್ಗಲಿಲ್ಲ. ನೋಡೋಣವೆಂದು ಅವನು ಬಿಚ್ಚಹೋದರೆ ಬಿಚ್ಚಲೂ ಇಲ್ಲ. ಬಾನುಬಿ ಸೆರಗು ಬಾಯಿಗೆ ಹಿಡಿದು ನಕ್ಕಳು.

ಹೊರಡುವ ಮುಂಜಾನೆ ಬಸ್ಸಿನ ಹತ್ತಿರ ಅರ್ಧ ಊರೇ ಸೇರಿತ್ತು. ಗುರವ್ವ ಅಕ್ಕೋರು ಶಮ್ಶುವಿನ ಕಾಲು ನೋಡಿ ಮೆಚ್ಚಿದರು. "ಗೈಬುಸಾಬ್ರ, ಗಂಟು ಭಾಳ ಚಲೋ ಐತಿ. ಎಲ್ಲ್ಯಾರ ಬಿಚ್ಚಿದ್ರ ಇರ್ಲಿ, ನನಗೂ ಒಂದ್ಸಲ ತೋರ್ಸಿಕೊಡ್ರಿ."

ಗೈಬುಸಾಬ ಬಗ್ಗಿ ಬಾರಿಗೆ ಕೈ ಹಚ್ಚಿದ. ಹಾಗೇ ಹಿಂದೆ ತೆಗೆದ. ಕಣ್ಣು ತುಂಬಿದ್ದವು, ಮುಖ ನಗುತ್ತಿತ್ತು.

"ನನಗ ಬರೂದಿಲ್ರಿ ಅಕ್ಕೋರ" ಎಂದ, ಎಲ್ಲರಿಗೂ ಕೇಳುವಂತೆ. "ಆಕಿನ್ನ ಕೇಳ್ರಿ, ಆಕಿ ಕಲಿಸ್ತಾಳ."