ಸಿಂಬಳದ ಹುಳುವಿನ ಮನೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಬರೆಯದೆ ಎದ್ದಿದ್ದೇನೆ. ನೌಕರಿ ಮುಗಿಯಲಿ ಎಂದುಕೊಂಡೆ, ಆಮೇಲೆ ಮಕ್ಕಳ ಮದುವೆಗಳು ಮುಗಿಯಲಿ ಎಂದುಕೊಂಡೆ. ಎಲ್ಲ ಮುಗಿದು ಬಹಳ ಕಾಲವಾಯಿತು. ಮುಂದೂಡಲು ಈಗ ಯಾವ ನೆಪವೂ ಉಳಿದಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬೆಂಗಳೂರಿನ ಹೊರವಲಯದ ಜಕ್ಕೂರಿನ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ಮೇಷ್ಟ್ರಾಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಮೂರನೇ ಕ್ಲಾಸೂ ನಾಲ್ಕನೇ ಕ್ಲಾಸೂ ಒಂದೇ ಉದ್ದನೆಯ ಕೋಣೆಯಲ್ಲಿ ನಡೆಯುತ್ತಿದ್ದವು. ನಡುವೆ ನಿಲ್ಲಿಸಿದ್ದ ಕರಿಹಲಗೆಯೇ ಗೋಡೆ. ಆ ವರ್ಷ ಹಲಗೆಯ ಆಚೆಗೆ ಧಾರವಾಡದ ಕಡೆಯ ಟೀಚರಮ್ಮ ಬಂದರು. ಅವರ ಯಜಮಾನರಿಗೆ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು.

ಒಂದು ದಿನ ನಾನು ಪ್ರಾಣಿಗಳ ವಾಸಸ್ಥಾನದ ಪಾಠ ಮಾಡುತ್ತಿದ್ದೆ. ಪಾಠವೆಂದರೆ ಬಾಯಿಪಾಠ. ಸಿಂಹಕ್ಕೆ ಗುಹೆ, ಹಕ್ಕಿಗೆ ಗೂಡು, ಹಾವಿಗೆ ಹುತ್ತ ಎಂದು ನಾನು ಹೇಳುವುದು, ಮಕ್ಕಳು ಕೂಗುವುದು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಸಾ, ಸಿಂಬ್ಳದ್ ಹುಳಕ್ಕೆ?”

ಬಸವನಹುಳುವಿಗೆ ಬೆನ್ನ ಮೇಲೆ ಚಿಪ್ಪಿದೆ. ಚಿಪ್ಪಿಲ್ಲದೆ ಬರೀ ಮೈಯಲ್ಲಿ ತೆವಳುವ ಈ ಹುಳುವಿನ ವಿಷಯ ಪುಸ್ತಕದಲ್ಲಿರಲಿಲ್ಲ. “ಅದಕ್ಕೆ ಮನೆ ಇಲ್ಲ ಕಣಮ್ಮ. ಅದಕ್ಕೇ ನಿನ್ ಥರ ಬೀದಿ ಅಲೀತದೆ, ಕೂತ್ಕೋ” ಎಂದೆ. ಕ್ಲಾಸೆಲ್ಲ ನಕ್ಕಿತು.

ಹಲಗೆಯ ಆಚೆಯಿಂದ ಟೀಚರಮ್ಮ ಕೇಳಿಸಿಕೊಂಡಿರಬೇಕು. ಮರುದಿನ ಪ್ರಾರ್ಥನೆ ಮುಗಿದ ಕೂಡಲೇ ತಮ್ಮ ಮಕ್ಕಳನ್ನು ಶಾಲೆಯ ಹಿಂದಕ್ಕೆ ಕರೆದುಕೊಂಡು ಹೋದರು. ನನ್ನ ಕ್ಲಾಸಿನ ಅರ್ಧ ಮಕ್ಕಳೂ ಹಿಂದೆ ಹೋದರು. ಅಲ್ಲಿ ಮಧ್ಯಾಹ್ನದ ಉಪ್ಪಿಟ್ಟಿನ ಪಾತ್ರೆ ತೊಳೆದ ನೀರು ಹರಿದು, ಒಡೆದ ಹೆಂಚುಗಳ ರಾಶಿಯ ಬುಡ ಸದಾ ಒದ್ದೆಯಾಗಿರುತ್ತಿತ್ತು. ಅವರು ಒಂದು ಹೆಂಚು ಎತ್ತಿದರು. ಕೆಳಗೆ ಐದಾರು ಹುಳುಗಳು. ಮೇಲೆ ಎರಡು ಉದ್ದದ ಕೋಡು, ಕೆಳಗೆ ಎರಡು ಗಿಡ್ಡ ಕೋಡು. ಉದ್ದದ ಕೋಡಿನ ತುದಿಯಲ್ಲಿ ಕಣ್ಣಿದೆ ಎಂದು ನನಗೆ ಗೊತ್ತಾದದ್ದೂ ಅವತ್ತೇ, ಅವರು ಮಕ್ಕಳಿಗೆ ಹೇಳುತ್ತಿದ್ದುದನ್ನು ಕಿಟಕಿಯಿಂದ ಕದ್ದು ಕೇಳಿದಾಗ. ಹತ್ತಿರದ ಫ್ಲೈಯಿಂಗ್ ಕ್ಲಬ್ಬಿನ ವಿಮಾನ ತೀರ ತಗ್ಗಿನಲ್ಲಿ ಹೋಯಿತು. ಒಂದು ಮಗುವೂ ತಲೆ ಎತ್ತಲಿಲ್ಲ.

“ಮನಿ ಅಂದ್ರ ನಾಕು ಗ್ವಾಡಿ ಅಷ್ಟ ಅಲ್ಲ” ಎಂದರು ಟೀಚರಮ್ಮ. “ಎಲ್ಲಿ ಇದರ ಮೈ ಒಣಗೂದಿಲ್ಲೋ, ಎಲ್ಲಿ ಕೊಳತ ಎಲಿ ತಿನ್ನಾಕ ಸಿಗತೈತೋ, ಅದ ಇದರ ಮನಿ. ನೋಡಿದ್ ಮ್ಯಾಲೆ ಹೆಂಚು ಮೆಲ್ಲಕ ಮುಚ್ಚ್ರಿ. ಅವರ ಮನಿ ಬಾಗಲಾ ಅದು.”

ಆ ಹುಡುಗಿ ಓಡಿ ಬಂದು ಹೆಡ್‌ಮಾಸ್ಟರ ಮುಂದೆಯೇ ನನಗೆ ಹೇಳಿದಳು: “ಸಾ, ನೀವ್ ಯೋಳಿದ್ದು ತಪ್ಪು. ಅದ್ಕೂ ಮನೆ ಐತೆ!” ಹೆಡ್‌ಮಾಸ್ಟರು ಮೀಸೆಯೊಳಗೆ ನಕ್ಕರು. ಆ ನಗು ನನಗೆ ಮುಳ್ಳಿನಂತೆ ಚುಚ್ಚಿತು.

ಹೆಂಚಿನ ಮೂಲೆ ಮಕ್ಕಳ ನಿತ್ಯದ ಪಾಠವಾಯಿತು. ಬಿಸಿಲು ಹೆಚ್ಚಾದರೆ ಅವರೇ ಬೊಗಸೆಯಲ್ಲಿ ನೀರು ತಂದು ಚಿಮುಕಿಸುತ್ತಿದ್ದರು. ಶಾಲೆಗೆ ಇನ್‌ಸ್ಪೆಕ್ಟರು ಬರುವ ಸುದ್ದಿ ಬಂದಾಗ ಅದನ್ನೇ ತೋರಿಸುವುದೆಂದು ಟೀಚರಮ್ಮ ನಿಶ್ಚಯಿಸಿದರು. ಹಿಂದಿನ ಸಂಜೆ ಅವರು ಬಸ್ಸಿಗೆ ಹೊರಡುವಾಗ ನನಗೆ ಹೇಳಿದರು: “ಸರ್, ನೀವು ಬೀಗ ಹಾಕಿ ಹೋಗವ್ರು. ಆ ಮೂಲಿ ಒಂದೀಟು ಹಸನಾಗಿ ಇಟ್ಟಿರ್ರಿ.”

ಚೆನ್ನಾಗಿ ನೋಡಿಕೊಳ್ಳಿ ಎಂದು ಅದರ ಅರ್ಥ. ನನಗೆ ಅರ್ಥವಾಗಿತ್ತು. ಈ ಒಂದು ವಾಕ್ಯ ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಅವರು ಹೋದ ಮೇಲೆ ಉಪ್ಪಿಟ್ಟಿನ ಕೋಣೆಯಿಂದ ಕಲ್ಲುಪ್ಪಿನ ಡಬ್ಬ ತಂದು, ಹೆಂಚುಗಳನ್ನು ಒಂದೊಂದಾಗಿ ಎತ್ತಿ ಸುರಿದೆ. ಹುಳುಗಳು ಮೈ ಮುದುಡಿಕೊಂಡು ನೊರೆ ಕಾರಿದವು. ನಾನು ಪೂರ್ತಿ ನೋಡಲಿಲ್ಲ.

ಬೆಳಿಗ್ಗೆ ಇನ್‌ಸ್ಪೆಕ್ಟರ ಮುಂದೆ ಹೆಂಚು ಎತ್ತಿದ್ದು ಆ ಹುಡುಗಿಯೇ. ಕೆಳಗೆ ಲೋಳೆ ಮತ್ತು ಕರಗದೆ ಉಳಿದ ಉಪ್ಪಿನ ಹರಳು. ಅವಳು ಕಿಟಾರನೆ ಕಿರುಚಿ ಅಳತೊಡಗಿದಳು.

“ಯಾರ್ರೀ ಇದು ಮಾಡಿದ್ದು?” ಎಂದರು ಹೆಡ್‌ಮಾಸ್ಟರು.

“ನಾನೇ ಸಾರ್. ಮೂಲೆ ಹಸನು ಮಾಡಿ ಅಂತ ಮೇಡಮ್ಮೇ ಹೇಳಿದ್ರು. ನಮ್ ಕಡೆ ಹೊಲ ಹಸನು ಮಾಡೋದು ಅಂದ್ರೆ ಕಸ, ಹುಳ ಎಲ್ಲ ತೆಗ್ದು ಚೊಕ್ಕ ಮಾಡೋದಲ್ವಾ?”

ಅವರು ‘ಹಸನಾಗಿ ಇಡಿ’ ಎಂದಿದ್ದರು. ನಾನು ಅದನ್ನು ‘ಹಸನು ಮಾಡಿ’ ಎಂದು ಬದಲಿಸಿದೆ. ಇನ್‌ಸ್ಪೆಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನಿಮ್ ಕನ್ನಡ ಇಲ್ಲಿ ನಡಿಯಲ್ಲ ಕಣಮ್ಮ. ಮೊದ್ಲು ಬೆಂಗಳೂರು ಕನ್ನಡ ಕಲೀರಿ, ಆಮೇಲೆ ಹುಳದ ಪಾಠ.”

ಟೀಚರಮ್ಮ ನನ್ನ ಮುಖ ನೋಡಿದರು. ನನ್ನ ಮೇಲೆ ಅನುಮಾನ ಪಡಬೇಕಾದವರು ತಮ್ಮ ನೆನಪಿನ ಮೇಲೆಯೇ ಅನುಮಾನಪಟ್ಟರು. ಕುಕ್ಕರಗಾಲಲ್ಲಿ ಕುಳಿತು ಆ ಹುಡುಗಿಯ ಕಣ್ಣು ಒರೆಸಿ, “ನಾನ ಹಂಗ ಅಂದಿರಬೇಕವ್ವ. ನನ್ನ ಮಾತಿನ್ಯಾಗ ತಪ್ಪಾತು. ನಿಮ್ಮೆಲ್ಲಾರ ಕ್ಷಮಾ ಕೇಳ್ತೀನಿ” ಎಂದರು. ನಾನು ಮಾಡಿದ್ದಕ್ಕೆ ಅವರು ಮಕ್ಕಳ ಕ್ಷಮೆ ಕೇಳುವುದನ್ನು ನಿಂತು ನೋಡಿದೆ.

ಆಮೇಲೆ ಹಲಗೆಯ ಆಚೆಯ ದನಿ ಬದಲಾಯಿತು. ಪ್ರತಿ ಮಾತಿಗೂ ಮೊದಲು ಒಂದು ಕ್ಷಣ ತಡೆದು, ನಮ್ಮವರಂತೆ ಮಾತಾಡಲು ಹೆಣಗುತ್ತಿದ್ದರು. ನನಗೆ ಏನಾದರೂ ಹೇಳಬೇಕಿದ್ದರೆ ಚೀಟಿ ಬರೆದು ಕಳಿಸುತ್ತಿದ್ದರು. ಅವರ ನಾಲಿಗೆಯನ್ನೇ ನಾನು ಕಿತ್ತುಕೊಂಡಂತಾಗಿತ್ತು. ಆದರೂ ಹೆಂಚಿನ ಮೂಲೆಯನ್ನು ಅವರು ಬಿಡಲಿಲ್ಲ. ಮಕ್ಕಳ ಕೈಯಲ್ಲಿ ಉಪ್ಪಿನ ಮಣ್ಣು ತೆಗೆಸಿದರು, ಕೆರೆ ಏರಿಯ ಕಡೆಯಿಂದ ಕೊಳೆತ ಎಲೆ ತರಿಸಿ ಹರಡಿಸಿದರು.

ಮಳೆ ಹಿಡಿದ ಮೇಲೆ ಒಂದು ದಿನ ಬಿಡುವಿನ ಹೊತ್ತಿನಲ್ಲಿ ಗದ್ದಲ ಎದ್ದಿತು. ಹೆಂಚಿನ ಪಕ್ಕದ ಮಣ್ಣಿನೊಳಗೆ ಬೆಂದ ಸಬ್ಬಕ್ಕಿಯಂಥ ಮೊಟ್ಟೆಗಳ ಗೊಂಚಲು ಸಿಕ್ಕಿತ್ತು. ಉಪ್ಪು ಅಷ್ಟು ಆಳಕ್ಕೆ ಇಳಿದಿರಲಿಲ್ಲ. ಕೆಲವು ಆಗಲೇ ಒಡೆದು, ಅಕ್ಕಿಕಾಳಿಗಿಂತ ಸಣ್ಣ ಮರಿಗಳು ಕೋಡು ಚಾಚುತ್ತಿದ್ದವು. ಮಕ್ಕಳ ತಲೆಗಳ ನಡುವಿನಿಂದ ಟೀಚರಮ್ಮ ನನ್ನನ್ನು ಕಂಡು, ಎಲ್ಲ ಎಚ್ಚರಿಕೆಯನ್ನೂ ಮರೆತು ಕೂಗಿದರು: “ಸರ್, ಲಗೂನ ಬರ್ರಿ! ನೋಡ್ರಿಲ್ಲೆ, ಎಷ್ಟ್ ಚಂದ ಅದಾವ!”

ಹೋಗಿ ಕುಳಿತೆ. ಆಗಲೇ ಹೇಳಬಹುದಿತ್ತು. ಮಕ್ಕಳ ಜೊತೆ ಮರಿಗಳನ್ನು ಎಣಿಸತೊಡಗಿದೆ. ಮರುವಾರ ನನ್ನ ಕ್ಲಾಸಿನ ಮಕ್ಕಳನ್ನು ಮೊದಲ ಬಾರಿಗೆ ಕೆರೆಯ ದಡಕ್ಕೆ ಕರೆದುಕೊಂಡು ಹೋದೆ. ಪುಸ್ತಕ ಒಯ್ಯಲಿಲ್ಲ. ಅಂದಿನಿಂದ ನಿವೃತ್ತಿಯವರೆಗೆ ವಾಸಸ್ಥಾನದ ಪಾಠವನ್ನು ನಾನು ಕೋಣೆಯೊಳಗೆ ಮಾಡಿದ್ದಿಲ್ಲ. ಗೊತ್ತಿಲ್ಲದ ಪ್ರಶ್ನೆ ಬಂದರೆ “ಗೊತ್ತಿಲ್ಲ, ಬನ್ನಿ ನೋಡೋಣ” ಎನ್ನುವುದನ್ನೂ ಕಲಿತೆ. ಹಾಗೆ ಕಲಿತ ಮಕ್ಕಳಲ್ಲಿ ಕೆಲವರು ಈಗ ತಾವೇ ಮೇಷ್ಟ್ರಾಗಿದ್ದಾರೆ ಎಂಬುದು ನನ್ನ ಸಮಾಧಾನ.

ಮುಂದಿನ ವರ್ಷ ಅವರ ಯಜಮಾನರಿಗೆ ಹುಬ್ಬಳ್ಳಿಯಲ್ಲಿ ಕೆಲಸವಾಗಿ ಅವರು ಹೊರಟುಹೋದರು. ಬೀಳ್ಕೊಡುಗೆಯಲ್ಲಿ ನಾನು ಉದ್ದನೆಯ ಭಾಷಣ ಮಾಡಿದೆ, ಹೇಳಬೇಕಾದ ಒಂದು ಮಾತನ್ನು ಬಿಟ್ಟು. ಅಮ್ಮಾ, ನೀವು ತಪ್ಪು ಮಾತಾಡಿರಲಿಲ್ಲ. ನಿಮ್ಮ ಕನ್ನಡ ನನಗೆ ಚೆನ್ನಾಗಿ ತಿಳಿದಿತ್ತು. ಇದು ಯಾರ ಕೈಯಿಂದಲಾದರೂ ಅವರಿಗೆ ತಲುಪೀತೆಂಬ ಆಸೆಯಿಂದ ಬರೆದಿದ್ದೇನೆ. ನಾನು ಎಲ್ಲರಿಗಿಂತ ಮೊದಲು ಕ್ಷಮೆ ಕೇಳಬೇಕಾಗಿದ್ದದ್ದು ಅವರನ್ನೇ: ಹಲಗೆಯ ಆಚೆ ಮೂರನೇ ಕ್ಲಾಸಿಗೆ ಪಾಠ ಮಾಡುತ್ತಿದ್ದ ಧಾರವಾಡದ ಟೀಚರಮ್ಮನನ್ನು.