ಬೇರೆ ಬೆನ್ನಿಗೆ ಒಗ್ಗದ ಸೀಟು

1992ರಲ್ಲಿ, ಒಂಬತ್ತನೇ ಇಯತ್ತೆಯ ನಡುವೆಯೇ, ನಾನು ಶಾಲೆ ಬಿಟ್ಟು ಹುಬ್ಬಳ್ಳಿಯ ಗ್ಯಾರೇಜೊಂದಕ್ಕೆ ಸೇರಿದೆ. ಓದಿದ್ದೆಲ್ಲ ಮರೆತಿದೆ, ವಾಸನೆಗಳು ಮಾತ್ರ ಮರೆತಿಲ್ಲ. ಹೋದ ವಾರ ಒಡೆದ ಬಂಪರಿಗೆ ಹಚ್ಚಲು ಎರಡು ಡಬ್ಬಿಯ ಅಂಟು ಕಲಸುತ್ತಿದ್ದೆ. ಅದರ ಘಾಟು ಮೂಗಿಗೆ ಏರಿತು, ಕೈ ನಿಂತಿತು. ನಮ್ಮ ಡ್ರೈವರ್ ನೆನಪಾದರು. ಜೊತೆಗೇ ಸಿಟ್ಟೂ ಬಂತು, ಇನ್ನೂ ಇಳಿದಿಲ್ಲ.

ಆಗ ನಾವು ಟೆಕ್ಸಸ್ಸಿನ ಕೇಟಿ ಎಂಬ ಊರಿನಲ್ಲಿದ್ದೆವು. ಹೆಂಡತಿ ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ನರ್ಸ್. ಅವಳ ನೌಕರಿಯ ಬೆನ್ನಿಗೆ ಅಮೆರಿಕಕ್ಕೆ ಬಂದವನು ನಾನು. ಹಾಗಂತ ಹೇಳಲು ನಾಚಿಕೆಯಿಲ್ಲ, ಇಲ್ಲಿಯೂ ಒಂದು ದಿನ ಕೂತು ಉಂಡವನಲ್ಲ. ಊರಾಚೆಯ ಶೆಡ್ಡಿನಲ್ಲಿ ಸ್ಟಾಕ್ ಕಾರ್ ರೇಸಿನ ತಂಡವೊಂದಿತ್ತು. ನೋಡಲು ರಸ್ತೆಯ ಕಾರೇ, ಒಳಗೆ ಪೂರ್ತಿ ಕಬ್ಬಿಣದ ಪೈಪಿನ ಪಂಜರ. ಇಂಥ ಕಾರುಗಳು ದುಂಡನೆಯ ಟ್ರ್ಯಾಕಿನಲ್ಲಿ ಒಂದಕ್ಕೊಂದು ಮೈ ಉಜ್ಜಿಕೊಂಡು ಓಡುತ್ತಿದ್ದವು. ವೆಲ್ಡಿಂಗು, ಬಡಿದು ನೆಗ್ಗು ತೆಗೆಯುವುದು ನನ್ನ ಕೆಲಸ. ಟೈರು ನೋಡಿಕೊಳ್ಳಲು ಒಬ್ಬನಿದ್ದ, ಇಂಜಿನ್ ಸದ್ದಿಗೆ ಕಿವಿ ಕಳೆದುಕೊಂಡವನು. ಓಡಿಸುವವರು ಡ್ರೈವರ್, ಅರವತ್ತರ ಹತ್ತಿರದ ಟೆಕ್ಸಸ್ ಮನುಷ್ಯ. ಇನ್ನು ಮಾಲೀಕ. ಅವನನ್ನು ನಾನು ಬಹುವಚನದಲ್ಲಿ ಬರೆಯುವುದಿಲ್ಲ.

ಡ್ರೈವರ್ ಅವರ ಕುತ್ತಿಗೆ ಎರಡು ಸಲ ಟ್ರ್ಯಾಕಿನ ಗೋಡೆಯ ಪೆಟ್ಟು ತಿಂದಿತ್ತು. ನಮ್ಮ ಮನೆಗೆ ಊಟಕ್ಕೆ ಬಂದರೆ, ಪಕ್ಕದಲ್ಲಿ ಕೂತ ನನ್ನನ್ನು ನೋಡಲು ಇಡೀ ಎದೆಯನ್ನೇ ತಿರುಗಿಸಬೇಕಿತ್ತು. ಇನ್ನೊಂದು ಪೆಟ್ಟು ಬಿದ್ದರೆ ಎದ್ದೇಳಲಾರಿರಿ ಎಂದು ಡಾಕ್ಟರು ಹೇಳಿಯಾಗಿತ್ತು. ಪ್ರತಿ ಸೀಸನ್ ಮುಗಿದಾಗಲೂ ಇದೇ ಕೊನೆ ಎನ್ನುವರು. ಆಗ ಮಾಲೀಕ ಅವರ ಹೆಗಲ ಮೇಲೆ ಕೈ ಹಾಕುವನು.

"ನೀನು ಇಳಿದ್ರೆ ಜಾಹೀರಾತು ಕೊಡೋರೂ ಇಳೀತಾರೆ. ಆಮೇಲೆ ಇವರನ್ನೆಲ್ಲ ಮನೆಗೆ ಕಳಿಸಬೇಕಾಗುತ್ತೆ."

ನಮ್ಮ ಎದುರಿಗೇ, ನಮ್ಮನ್ನು ತೋರಿಸಿ ಹೇಳುವನು. ಒತ್ತೆ ಇಟ್ಟ ಪಾತ್ರೆಗಳ ಹಾಗೆ ನಾವು ನಿಂತಿರುತ್ತಿದ್ದೆವು...

ರೊಟ್ಟಿ ಹಾಕಲು ಹೋದರೆ ತಟ್ಟೆಗೆ ಅಂಗೈ ಅಡ್ಡ ಹಿಡಿದು 'ಸಾಕು' ಎನ್ನುವುದನ್ನು ಅವರು ನನ್ನ ಹೆಂಡತಿಯಿಂದ ಕಲಿತಿದ್ದರು.

"ಸಾಕು ಅನ್ನೂದು ತಾಟಿನ ಮುಂದ ಅಷ್ಟ ಬರ್ತದ ಇವ್ರಿಗೆ," ಎಂದಳು ಅವಳು ಒಂದು ದಿನ. "ಕುತ್ತಿಗಿ ನೋಡ್ರಿ, ಗೂಟ ಬಡದಂಗ ಆಗೇದ. ನೀವಾರ ಹೇಳ್ರಿ."

ಹೇಳಿದೆ. "ನನ್ನ ಸಲುವಾಗಿ ನೀವು ಕೂರಬೇಡಿ. ನನಗೆ ಕೈಯಿದೆ, ಎಲ್ಲಾದ್ರೂ ದುಡೀತೀನಿ."

"ನಿನ್ನ ಚಿಂತೆ ಯಾರಿಗಿದೆ?" ಎಂದು ನಕ್ಕರು. "ಆ ಕಿವುಡನ್ನ ಯಾರು ಇಟ್ಕೊಳ್ತಾರೆ, ಅದನ್ನ ಹೇಳು."

"ನಾನು ಇಟ್ಕೊಳ್ತೀನಿ. ನನ್ನದೇ ಗ್ಯಾರೇಜ್ ಹಾಕ್ತೀನಿ."

"ಹಾಕು. ಆವತ್ತೇ ಇಳೀತೀನಿ."

ಆ ಬೇಸಿಗೆಯಲ್ಲಿ ಮಾಲೀಕ ನನ್ನನ್ನು ಕರೆದು ಹೊಸ ಸೀಟು ಮಾಡಲು ಹೇಳಿದ. ರೇಸ್ ಕಾರಿನ ಸೀಟಿನೊಳಗೆ ಒಂದು ಚೀಲವಿಟ್ಟು, ಅದಕ್ಕೆ ಸಣ್ಣ ಮಣಿಗಳನ್ನು ತುಂಬಿ ಬಂಪರಿಗೆ ಕಲಸಿದ ಜಾತಿಯದೇ ಅಂಟು ಸುರಿಯುತ್ತಾರೆ. ಓಡಿಸುವವನು ಅದಕ್ಕೆ ಬೆನ್ನು ಕೊಟ್ಟು, ಗಟ್ಟಿಯಾಗುವ ತನಕ ಅಲ್ಲಾಡದೆ ಕೂರಬೇಕು. ಅವನ ಬೆನ್ನಿನ ಅಚ್ಚೇ ಸೀಟಾಗುತ್ತದೆ, ಇನ್ನೊಬ್ಬನಿಗೆ ಅದು ಒಗ್ಗದು. ಡ್ರೈವರ್ ಅವರದು ಚೆನ್ನಾಗಿಯೇ ಇತ್ತಲ್ಲ, ಹೊಸದು ಯಾರಿಗೆ ಎಂದು ಕೇಳಿದೆ. ಮುಂದಿನ ಸೀಸನ್ನಿಗೆ ಬೇರೊಬ್ಬ ಬರುತ್ತಾನೆ, ತಂಡದ ಖರ್ಚೆಲ್ಲ ಅವನಪ್ಪನದೇ ಎಂದ. ನನ್ನ ಹೆಗಲಿಗೂ ಕೈ ಹಾಕಲು ಬಂದ. ನಾನು ಸರಿದು ನಿಂತೆ.

ನೇರ ಹೋಗಿ ಡ್ರೈವರ್ ಅವರಿಗೆ ಹೇಳಿದೆ. ಅವರು ಕಾಫಿ ಕಪ್ಪನ್ನು ಕೆಳಗಿಡಲೂ ಇಲ್ಲ.

"ಗೊತ್ತು. ಆ ಹೊಸಬ ಬರೋವರೆಗೆ ಕಾರು ಓಡ್ತಿರಬೇಕಲ್ಲ. ನಿಂತ್ರೆ ತಂಡ ಚದುರಿಹೋಗುತ್ತೆ."

"ಯಾವ ತಂಡ? ನೀವಿರುವಾಗಲೇ ಇನ್ನೊಬ್ಬನಿಗೆ ಸೀಟು ಮಾಡು ಅಂದೋನದಾ?"

"ನೀನು, ಆ ಟೈರಿನವನು. ಕಿರುಚಬೇಡ, ಕಿವುಡನಿಗೂ ಕೇಳಿಸೀತು."

ಆಸ್ಟಿನ್ ಹತ್ತಿರದ ಟ್ರ್ಯಾಕು. ಸೀಸನ್ ಇನ್ನೇನು ಮುಗಿಯಬೇಕು... ಪಕ್ಕದಿಂದ ಒಂದು ಕಾರು ಜಾರಿ ಬಂದು ಡ್ರೈವರ್ ಅವರ ಕಾರಿಗೆ ಗುದ್ದಿತು. ಕುತ್ತಿಗೆ ತಿರುಗುವ ಮನುಷ್ಯನಾಗಿದ್ದರೆ ಅದನ್ನು ಕಾಣುತ್ತಿದ್ದ.

ಉಸಿರು ಉಳಿಯಿತು, ಕುತ್ತಿಗೆಯ ಕೆಳಗೆ ಏನೂ ಉಳಿಯಲಿಲ್ಲ. ಮಾಲೀಕ ಒಂದು ಸಲ ಆಸ್ಪತ್ರೆಗೆ ಬಂದ, ತಂಡದ ಟೋಪಿಯೊಂದನ್ನು ಹಾಸಿಗೆಯ ಮೇಲಿಟ್ಟು ಹೋದ. ಅದನ್ನು ಎತ್ತಿ ಹಾಕಿಕೊಳ್ಳಲು ಅವರಿಗೆ ಕೈ ಬೇಕಲ್ಲ? ಮುಂದಿನ ರೇಸಿಗೆ ಹೊಸಬ ಕೂತ. ಜಾಹೀರಾತು ಕೊಡುವವರು ಒಬ್ಬರೂ ಇಳಿಯಲಿಲ್ಲ. ಯಾರಿಗಾಗಿ ಡ್ರೈವರ್ ಇಳಿಯದೆ ಕೂತರೋ ಆ ಟೈರಿನವನನ್ನು ಮಾಲೀಕ ತಿಂಗಳೊಳಗೆ ಮನೆಗೆ ಕಳಿಸಿದ. ನಾನೂ ಬಿಟ್ಟೆ. ಬರುವಾಗ ಹಳೆಯ ಸೀಟನ್ನು ಹೊತ್ತು ತಂದೆ. ಕಸಕ್ಕೆ ಹೋಗುವ ವಸ್ತು, ಯಾರು ತಡೆಯುತ್ತಾರೆ?

ಎರಡು ಚಳಿಗಾಲ ಮಲಗಿದ್ದು ಅವರು ಹೋದರು. ಶವಪೆಟ್ಟಿಗೆಯ ಪಕ್ಕ ನಿಂತು ಮಾಲೀಕ ನಿಷ್ಠೆ, ನಿಷ್ಠೆ ಎಂದು ಭಾಷಣ ಮಾಡಿದ. ನಾನು ನಡುವೆಯೇ ಎದ್ದು ಬಂದೆ. ನನಗೆ ಡ್ರೈವರ್ ಮೇಲೂ ಸಿಟ್ಟಿದೆ. ನಮ್ಮನ್ನು ಹೊತ್ತುಕೊಳ್ಳಿ ಎಂದು ನಾವು ಕೇಳಿರಲಿಲ್ಲ. ನಾನು ಗ್ಯಾರೇಜ್ ಹಾಕುತ್ತೇನೆ ಎಂದದ್ದು ಅವರಿಗೆ ಬರೀ ಮಾತು ಅನ್ನಿಸಿತೇ... ಅದನ್ನು ಈಗ ಯಾರನ್ನು ಕೇಳಲಿ?

ಮರುವರ್ಷವೇ ಡಲ್ಲಾಸ್ ಕಡೆ ಶಿಫ್ಟ್ ಆಗಿ ಗ್ಯಾರೇಜಿನ ಬಾಗಿಲು ತೆರೆದೆ. ಇವತ್ತಿಗೆ ಫ್ರಿಸ್ಕೋದಿಂದ ಪ್ರಾಸ್ಪರಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಗ್ಯಾರೇಜ್ ಇದೆ. ಲಿಫ್ಟ್ ಎರಡು. ಕೆಲಸದವರು ಮೂವರು, ಅವರಲ್ಲೊಬ್ಬ ಆ ಕಿವುಡ. ಮೂಲೆಯಲ್ಲಿ ಆ ಹಳೆಯ ಸೀಟು ಒಂದು. ನಾನೂ ಒಮ್ಮೆ ಕೂತು ನೋಡಿದೆ, ಬೆನ್ನು ಕೂರಲಿಲ್ಲ.