ಪಾಲಿನ ಆಡು

ಮಾಂಸದ ಲೆಕ್ಕ ಹೇಳೋರನ್ನ ಕಂಡ್ರ ನನಗ ಮೈ ಉರೀತದ. ಒಂದು ಕೇಜಿ ಖಂಡಕ್ಕ ಇಷ್ಟು ಕಾಳು ಹಾಳು, ಇಷ್ಟು ನೀರು ಹಾಳು, ಅದ ಕಾಳು ಮನುಷ್ಯಾರು ತಿಂದ್ರ ಇಷ್ಟು ಮಂದಿ ಹೊಟ್ಟಿ ತುಂಬ್ತದ ಅಂತ ಬೆರಳು ಮಡಚಿ ಹೇಳ್ತಾರಲ್ಲ, ಅವರು. ಅವರೊಳಗ ಒಬ್ಬರೂ ಆಡಿನ ಹಿಂದ ಒಂದಿನ ನಡದಿರಂಗಿಲ್ಲ. ಆಡು ಏನು ತಿಂತದ ಅಂತ ಆಡು ಕಾಯೋರಿಗಿ ಕೇಳಿರಂಗಿಲ್ಲ. ನನಗ ಇಷ್ಟು ಸಿಟ್ಟು ಯಾಕಂದ್ರ, ಆ ಲೆಕ್ಕ ನಂಬಿ ನಮ್ಮವ್ವನ ಬಾಳಿಗಿ ಮಣ್ಣು ಹಾಕಿದಾಕಿ ನಾನ.

ನಮ್ಮೂರು ಗೋಗಿ ಹತ್ರ. ಅವ್ವ ನನ್ನ ತಮ್ಮನ ಸಂಸಾರದ ಕೂಡ ಅಲ್ಲೇ ಅದಾಳ. ನಾ ಶಹಾಪುರದಾಗ ಒಂದು ಕಚೇರ್ಯಾಗ ಕಾಗದ ಟೈಪ್ ಮಾಡಾಕಿ, ವಾರಕ್ಕೊಮ್ಮಿ ಟಂಟಂ ಹತ್ತಿ ಊರಿಗಿ ಹೋಗಿ ಬರ್ತೀನಿ. ಅವ್ವನ ಹತ್ರ ಐದು ಆಡಿದ್ವು. ಆಡು ಮುಟ್ಟದ ಸೊಪ್ಪಿಲ್ಲ ಅಂತಾರ, ಖರೇ ಮಾತು. ಹಳ್ಳದ ದಂಡಿ ಜಾಲಿಕಾಯಿ, ಬದುವಿನ ಹುಲ್ಲು, ರಾಶಿ ಆದ ಮ್ಯಾಲ ಉಳದ ತೊಗರಿ ಹೊಟ್ಟು. ಇದರಾಗ ಮನುಷ್ಯಾರು ತಿನ್ನೋದು ಯಾವ್ದು ಅದ ಹೇಳ್ರಿ. ಆಮ್ಯಾಲ ನಮಗ ಮಾಂಸ ತಿನ್ನೋ ಮಂದಿ ಅಂತ ಹೆಸರು. ತಿನ್ನೋದು ಜೋಳದ ರೊಟ್ಟಿ, ಪುಂಡಿಪಲ್ಯ, ನೀರಿನಂಥ ಬ್ಯಾಳಿ. ನಾವ ಬೆಳದ ತೊಗರಿ ಅಡತಿ ಅಂಗಡಿಗಿ ಹೋಗ್ತದ, ಅಡಗಿ ಮನಿಗಿ ಮುಷ್ಟಿ ಲೆಕ್ಕದಾಗ ಬರ್ತದ. ಖಂಡದ ಸಾರು ಹಬ್ಬಕ್ಕೊಮ್ಮಿ, ಬೀಗರು ಬಂದಾಗೊಮ್ಮಿ.

ಅವ್ವಗ ಆಡಂದ್ರ ಕೈಯಾಗಿನ ರೊಕ್ಕ. ಮೈಗಿ ಆರಾಮಿಲ್ಲಂದ್ರ ಒಂದು ಮರಿ ಮಾರಿ ತಾನ ದವಾಖಾನಿಗಿ ಹೋಗಾಕಿ. ಅಬ್ಬೆತುಮಕೂರು ಮಠಕ್ಕ ಹೋಗಬೇಕಾದ್ರ ಸೆರಗಿನ ಗಂಟು ಬಿಚ್ಚಾಕಿ. ಮಗನ ಮುಂದಾಗ್ಲಿ, ಸೊಸಿ ಮುಂದಾಗ್ಲಿ, ನನ್ನ ಮುಂದಾಗ್ಲಿ ಒಂದಿನಾನೂ ಕೈ ಒಡ್ಡಿದಾಕಿ ಅಲ್ಲ. ಆ ಮನ್ಯಾಗ ಆಕಿ ಮಾತಿಗಿ ತೂಕ ಇತ್ತು.

ಹಿಂಗಿದ್ದಾಗ ಹೊರಗಿನ ಊರಿಂದ ಒಬ್ಬ ದೊಡ್ಡ ಮನುಷ್ಯಾ ಶಹಾಪುರಕ್ಕ ಭಾಷಣಕ್ಕ ಬಂದ. ಮೈಮ್ಯಾಲ ಬಿಳಿ ಅರಬಿ, ಚೊಕ್ಕ ಉಗುರು. ಪರದಾ ಮ್ಯಾಲ ಚಿತ್ರ ಹಾಕಿದ: ಒಂದು ಕಡಿ ಕಾಳಿನ ಗುಡ್ಡ, ಇನ್ನೊಂದು ಕಡಿ ಅಂಗೈ ಅಗಲ ಖಂಡ. ಸಭಾ ನಮ್ಮ ಕಚೇರಿದು, ಕುರ್ಚಿ ಹಾಕಿಸೋದು, ಚಹಾ ತರಿಸೋದು ನನ್ನ ಕೆಲಸ. ಬಾಗಿಲ ಹತ್ರ ನಿಂತು ಬಾಯಿ ತಕ್ಕೊಂಡು ಕೇಳಿದೆ. ಆ ಚಿತ್ರದಾಗಿನ ಪ್ರಾಣಿ ಯಾವ ದೇಶದ್ವೋ ಏನೋ, ಕೊಟ್ಟಿಗ್ಯಾಗ ನಿಂತು ಮೂರು ಹೊತ್ತು ಗೋವಿನಜೋಳ ತಿನ್ನೋವು. ನಮ್ಮ ಹಳ್ಳದ ದಂಡಿ ಆಡಿಗೂ ಅವಕ್ಕೂ ಏನು ಸಂಬಂಧ ಅಂತ ನನಗ ಹೊಳೀಲಿಲ್ಲ. ಓದಿದಾಕಿ ನೋಡ್ರಿ ನಾನು, ಪರದಾ ಮ್ಯಾಲ ಬಂದದ್ದೆಲ್ಲ ಖರೇ.

ಮುಂದಿನ ಸಾಲಿನಾಗ ನಮ್ಮೂರ ಸಾವ್ಕಾರ ಕುಂತಿದ್ದ. ಅವನ ಮನ್ಯಾಗ ತತ್ತಿ ಸೈತ ಒಡಿಯಂಗಿಲ್ಲ. ಹಂಗಂತ ಬ್ಯಾಸಗ್ಯಾಗ ತನ್ನ ಹೊಲದಾಗ ಕುರಿ ಹಿಂಡು ಕೂಡ್ರಿಸೋದು ಬಿಟ್ಟಾನೇನು? ಕುರಿಹಿಕ್ಕಿ ಬಿದ್ದ ಹೊಲದಾಗ ಮೆಣಸಿನಕಾಯಿ ಹ್ಯಾಂಗ ಬರ್ತದ ಅನ್ನೋದು ಅವಂಗ ಚೊಲೋ ಗೊತ್ತದ. ಭಾಷಣ ಮುಗದ ಕೂಡ್ಲೆ ಚಪ್ಪಾಳಿ ಬಿತ್ತು, ಸಾವ್ಕಾರ ಅಂಗೈ ಕೆಂಪಾಗೋಗಂಟ ಹೊಡದ. ಎದ್ದು ನಿಂತು, ಮಾಂಸ ಬಿಟ್ರ ಪಾಪಾನೂ ಇಲ್ಲ ಲುಕ್ಸಾನೂ ಇಲ್ಲ, ನಮ್ಮೂರ ಹೆಣ್ಮಕ್ಕಳು ಆಡು ಮಾರಿ ಕಾಯಿಪಲ್ಯ ಬೆಳೀಬೇಕು ಅಂದ. ಊರಾಗೂ ಹೋಗಿ ಅದನ್ನ ಓಣಿ ಓಣಿ ಹೇಳಿದ. ದೊಡ್ಡ ಮನುಷ್ಯಾ ತುಪ್ಪ ಸುರಕೊಂಡು ನಾಕು ಹೋಳಿಗಿ ತಿಂದು ಕಾರ್ ಹತ್ತಿದ.

ಆ ವಾರ ನಾ ಅವ್ವನ ಮುಂದ ಕುಂತು ಅದ ಭಾಷಣ ಮಾಡಿದೆ. ಅವ್ವ ರೊಟ್ಟಿ ಬಡಿಯಾಕತ್ತಿದ್ಳು. ಪೂರಾ ಕೇಳಿದ ಮ್ಯಾಲ ಒಂದ ಮಾತು ಅಂದ್ಳು.

“ನನ ಆಡಿಗಿ ನಾ ಯಾವತ್ತು ಕಾಳು ಹಾಕೀನಿ?”

ಅಷ್ಟಕ್ಕ ನಾ ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ನಿನಗ ತಿಳಿಯಂಗಿಲ್ಲ ಸುಮ್ಮಿರು, ತಿಳದೋರು ಹೇಳ್ಯಾರ ಅಂದೆ. ಸಾವ್ಕಾರ ಸೈತ ಚಪ್ಪಾಳಿ ಹೊಡದಾನ ಅಂತ ಸಾಕ್ಷಿನೂ ಹೇಳಿದೆ. ತಮ್ಮ ನನ್ನ ಕಡೀನ ಮಾತಾಡಿದ. ಮಗಳು ನೌಕರಿ ಮಾಡಾಕಿ, ಆಕಿ ಮಾತು ಸುಳ್ಳಾಗ್ತದೇನು ಅಂತ ಅವ್ವ ಕಡೀಕ ಒಪ್ಪಿದ್ಳು. ಸುರಪುರ ಕಡಿಂದ ದಲಾಲಿ ಬಂದ. ಊರಿಗಿ ಊರೇ ಒಮ್ಮೆಲೆ ಮಾರಾಕ ನಿಂತಿತ್ತು, ಅಂವ ಕೇಳಿದ್ದ ರೇಟು. ಐದೂ ಆಡು ಗಾಡ್ಯಾಗ ಹಾಕ್ಕೊಂಡು ಹೋದ. ಅದರಾಗ ಒಂದು ಕರಿ ಆಡು, ಹಿಂದೊಮ್ಮಿ ನಾಯಿ ಕಡದು ಎಡಗಿವಿ ಹರದಿತ್ತು. ಅದು ಓಣಿ ತಿರುಗೋಗಂಟ ಒದರ್ತು. ಅವ್ವ ಹೊರಗ ಬರ್ಲಿಲ್ಲ.

ಬಂದ ರೊಕ್ಕ ಪೈಪು, ಬೀಜ, ತಂತಿ ಬೇಲಿಗಿ ಹೋತು. ಹಿತ್ತಲದಾಗ ಬದನಿ ಗಿಡ ಚೊಲೋನ ಬಂದ್ವು. ನಾ ಫೋಟೋ ಹೊಡದು ಕಚೇರ್ಯಾಗ ಎಲ್ಲಾರಿಗೂ ತೋರಿಸಿದೆ, ನಾನ ಹಡದಂಗ. ಆದ್ರ ಸಾವ್ಕಾರನ ಮಾತು ಕೇಳಿದ ಮನಿಯೆಲ್ಲ ಬದನಿನ ಹಚ್ಚಿದ್ವು. ಶಹಾಪುರ ಪ್ಯಾಟ್ಯಾಗ ಕೇಳೋರಿಲ್ಲ. ಅವ್ವ ಬುಟ್ಟಿ ಹೊತ್ತು ಹೋದ್ಳು, ಅದ ಬುಟ್ಟಿ ಹೊತ್ತು ಬಂದ್ಳು. ಬಾಜೂ ಮನಿಗಿ ಕೊಡಾಕ ಹೋದ್ರ ಅವರು ತಮ್ಮ ಬುಟ್ಟಿ ತೋರಿಸಿದ್ರು. ಅಷ್ಟೊತ್ತಿಗಿ ಬ್ಯಾಸಗಿ ಬಂತು, ಕೆನಾಲ ನಿಂತಿತು. ಜಾಲಿ ಆಗಿದ್ರ ತಡಕೋತಿತ್ತು, ಬದನಿ ಎಲ್ಲಿ ತಡೀತದ. ಒಣಗಿ ಕಟಗಿ ಆತು. ಆ ಒಣ ಎಲಿ ಮೇಯಾಕ ಒಂದು ಆಡೂ ಇರ್ಲಿಲ್ಲ.

ಆಗ ಒಂದಿನ ಅವ್ವ ಗ್ವಾಡಿ ಕಡಿ ನೋಡಕೋತ, ಮಠಕ್ಕ ಹೋಗಿ ಬರಬೇಕಂದೀನಿ, ಬಸ್ಸೇನೋ ಹೆಣ್ಮಕ್ಕಳಿಗಿ ಪುಕ್ಕಟ ಅದ, ಕಾಯಿ ಕರ್ಪೂರಕ್ಕಷ್ಟು ರೊಕ್ಕ ಅದಾವೇನು ಅಂತ ನನಗ ಕೇಳಿದ್ಳು. ಹುಟ್ಟಿದಾಗಿಂದ ಆಕಿ ಬಾಯಾಗ ಆ ಮಾತು ಕೇಳಿದ್ದಿಲ್ಲ ನಾ. ಕೊಟ್ಟೆ. ಕೊಡೋ ಹೊತ್ತಿಗಿ ನನಗ ನನ್ನ ಮ್ಯಾಲ ಹೇಸಿಗಿ ಬಂತು.

ಉಗಾದಿ ಮುಗದ ಮ್ಯಾಲ ಊರಿಗಿ ಹೋದ್ರ, ಹಿತ್ತಲದಾಗ ಒಂದು ಆಡು ಕಟ್ಟಿತ್ತು. ಕರಿದು, ಎಡಗಿವಿ ಹರದದ್ದು, ಗಬ್ಬ ಬ್ಯಾರೆ. ತಿರುಗಿ ಕೊಂಡಿಯೇನವ್ವ ಅಂತ ಖುಷಿಲೆ ಕೇಳಿದೆ. ಕೊಂಡಿಲ್ಲ, ಪಾಲಿಗಿ ತಂದೀನಿ ಅಂದ್ಳು. ನಮ್ಮ ಕಡಿ ರೂಢಿ ಅದು: ಆಡು ಇದ್ದೋರು ಇಲ್ಲದೋರ ಮನಿಗಿ ಸಾಕಾಕ ಬಿಡ್ತಾರ, ಹುಟ್ಟಿದ ಮರ್ಯಾಗ ಅರ್ಧ ಒಡ್ಯಾಂದು, ಅರ್ಧ ಸಾಕಿದೋರದು. ತಾಯಾಡು ಯಾವತ್ತಿದ್ರೂ ಒಡ್ಯಾಂದ. ಯಾರದು ಈ ಆಡು ಅಂದೆ. ಸಾವ್ಕಾರಂದು ಅಂದ್ಳು.

ದಲಾಲಿನ್ನ ಕರಿಸಿದಾಂವ ಅವನ ಅಂತ. ಸೋವಿ ರೇಟಿಗಿ ಊರಾಗಿನ ಚೊಲೋ ಹೆಣ್ಣಾಡೆಲ್ಲ ಆರಿಸಿ ಕೊಂಡು, ನಾಕು ತಿಂಗಳು ತೋಟದಾಗ ಕಟ್ಟಿ, ಬದನಿ ಒಣಗಿದ ಮ್ಯಾಲ ಅದ ಹೆಣ್ಮಕ್ಕಳ ಮನಿಗಿ ಪಾಲಿಗಿ ಬಿಟ್ಟಿದ್ದ. ಹೇಳೋದು ಶಾಸ್ತ್ರ, ತಿನ್ನೋದು ಬದನಿಕಾಯಿ ಅಂತಾರ. ಇಂವ ಬದನಿಕಾಯಿ ನಮಗ ತಿನ್ನಿಸಿ ಆಡು ತಾ ಇಟ್ಕೊಂಡ. ಖಂಡ ಕಂಡ್ರ ಮೂಗು ಮುಚ್ಚೋ ಮನುಷ್ಯಾ, ಮರಿ ಎಣಸಾಕ ಮಾತ್ರ ಬೆರಳು ಭಾಳ ಚುರುಕು.

ಆಡು ಎರಡು ಮರಿ ಹಾಕ್ತು. ಅವು ಹುಲ್ಲು ಕಚ್ಚೋವಾದ ಮ್ಯಾಲ ಸಾವ್ಕಾರನ ಆಳು ಬಂದ. ಆವತ್ತು ನಾನೂ ಅಲ್ಲೇ ಇದ್ದೆ. ಮೊದ್ಲು ಆರಿಸೋ ಹಕ್ಕು ಒಡ್ಯಾಂದು. ಮುಂದ ಹಡಿಯೋ ಹೆಣ್ಣು ಮರಿ ಎತ್ತಿ ಹೆಗಲ ಮ್ಯಾಲ ಹಾಕ್ಕೊಂಡು ಹೋದ. ಅವ್ವನ ಪಾಲಿಗಿ ಗಂಡು ಮರಿ ಉಳೀತು. ತಾ ಸಾಕಿ ಬೆಳಸಿದ ಆಡಿನ ಮರಿ ಅರ್ಧ ಪಡಕೊಂಡು ಅವ್ವ ಕಟ್ಟಿ ಮ್ಯಾಲ ಕುಂತ್ಳು.

“ಸಾವ್ಕಾರ ಚಪ್ಪಾಳಿ ಹೊಡದಾನ ಅಂತ ಬಂದು ಹೇಳಿದ್ದಿ,” ಅಂದ್ಳು. “ಯಾಕ ಹೊಡದಾನ ಅಂತ ಆವತ್ತ ಕೇಳಬೇಕಿತ್ತು ನನ ಮಗಳ.”

ಆವತ್ತು ಆ ಸಭಾದಾಗ ಸಾವ್ಕಾರನಕಿಂತ ಮೊದ್ಲ, ಎಲ್ಲಾರಕಿಂತ ಮೊದ್ಲ ಚಪ್ಪಾಳಿ ಹೊಡದಾಕಿ ಬಾಗಿಲ ಹತ್ರ ನಿಂತ ನಾನು. ಅದನ್ನ ಅವ್ವಗ ಇನ್ನೂ ಹೇಳಿಲ್ಲ.